ಫಿಲ್ಟರಿನಲ್ಲಿ ಸಿಕ್ಕ ಉಪ್ಪು

ಚಳ್ಳಕೆರೆಯಲ್ಲಿ ನಾನು ಮೊದಲು ಕಲಿತ ಪಾಠ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬಾರದು ಎಂಬುದು. ಜೂನ್ ತಿಂಗಳ ಗಾಳಿಗೆ ಕಿಟಕಿಯ ಗಾಜು ಮುಚ್ಚಿದ ಹಾಗೇ ಇರುತ್ತಿರಲಿಲ್ಲ, ಅದುರುತ್ತಾ ಅದುರುತ್ತಾ ಕೆಳಗಿಳಿದು ಧೂಳನ್ನೆಲ್ಲ ಒಳಗೆ ಬಿಡುತ್ತಿತ್ತು. ನನ್ನ ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ. ಅದರೊಳಗೆ ಪಾಲಿಥೀನ್ ಕವರಿನಲ್ಲಿ ಸುತ್ತಿದ ಬಿಳಿ ಫಿಲ್ಟರ್ ಹಾಳೆಗಳು. ಅವುಗಳಿಗೆ ಬಸ್ಸಿನ ಧೂಳು ತಾಗಬಾರದು, ನನ್ನ ಬೆರಳು ಸಹ ತಾಗಬಾರದು. ಬೆರಳಲ್ಲಿ ಬೆವರಿರುತ್ತದೆ, ಬೆವರಲ್ಲಿ ಉಪ್ಪಿರುತ್ತದೆ. ನಾನು ಆ ಬಯಲಿಗೆ ಬಂದದ್ದು ಉಪ್ಪನ್ನು ಹುಡುಕಲಿಕ್ಕೇ.

ತೊಂಬತ್ತರ ದಶಕದ ಕೊನೆಯ ಮಾತು. ಅಲೆ ಒಡೆದಾಗ ಕಡಲಿನಿಂದ ಏಳುವ ತುಂತುರು ಗಾಳಿಯಲ್ಲೇ ಒಣಗಿ ಕಣ್ಣಿಗೆ ಕಾಣದ ಉಪ್ಪಿನ ಕಣವಾಗುತ್ತದೆ. ಮುಂಗಾರಿನ ಪಡುವಣ ಗಾಳಿ ಅದನ್ನು ನೆಲದ ಮೇಲೆ ಎಷ್ಟು ದೂರ ಹೊತ್ತು ತರುತ್ತದೆ ಎಂದು ಅಳೆಯುವುದು ನಮ್ಮ ಕೆಲಸ. ಮೂರು ಕೇಂದ್ರಗಳಿದ್ದವು. ಒಂದು ಕಡಲ ದಂಡೆಯಲ್ಲಿ, ಒಂದು ಘಟ್ಟ ದಾಟಿದ ಮೇಲೆ ಈಚೆ ಬದಿಯಲ್ಲಿ, ಮೂರನೆಯದು ಒಳನಾಡಿನ ಈ ಬಯಲಲ್ಲಿ. ಮೂರನೆಯದಕ್ಕೆ ನಾನೊಬ್ಬಳೇ.

ಗಾಳಿಯನ್ನು ಎಳೆದು ಫಿಲ್ಟರ್ ಹಾಳೆಯಲ್ಲಿ ಸೋಸುವ ಯಂತ್ರವನ್ನು ಚಳ್ಳಕೆರೆಯಲ್ಲೇ ಇಡಬಹುದಿತ್ತು. ಆದರೆ ಅಲ್ಲಿನ ಎಣ್ಣೆ ಮಿಲ್ಲುಗಳ ಒಲೆಗೆ ಶೇಂಗಾ ಸಿಪ್ಪೆ ಹಾಕುತ್ತಿದ್ದರು, ಮೂರೇ ದಿನಕ್ಕೆ ಫಿಲ್ಟರ್ ಕಪ್ಪಾಯಿತು. ಹಾಗಾಗಿ ಬಳ್ಳಾರಿ ರಸ್ತೆಯಲ್ಲಿ ಬಿ.ಜಿ. ಕೆರೆಯ ಹೊರಗೆ ಒಂದು ಹಳೇ ಗೋದಾಮಿನ ತಾರಸಿ ಗೊತ್ತು ಮಾಡಿಕೊಂಡೆ. ನನ್ನ ರೂಮು, ತೂಕದ ಯಂತ್ರ ಚಳ್ಳಕೆರೆಯಲ್ಲೇ ಉಳಿದವು. ದಿನಾ ಬೆಳಗ್ಗೆ ರಾಂಪುರದ ಕಡೆ ಹೋಗುವ ಬಸ್ಸು ಹಿಡಿದು ಬಿ.ಜಿ. ಕೆರೆಯಲ್ಲಿ ಇಳಿಯುತ್ತಿದ್ದೆ.

ಕೆಲಸದ ಕ್ರಮ ಸರಳ, ಆದರೆ ಒಂದು ಹೆಜ್ಜೆ ತಪ್ಪಿದರೂ ಆ ದಿನ ಹಾಳು. ಹೊಸ ಹಾಳೆಯನ್ನು ಒಂದು ದಿನ ತೇವ ಹೀರುವ ಹರಳುಗಳಿರುವ ಗಾಜಿನ ಪಾತ್ರೆಯಲ್ಲಿಟ್ಟು ಒಣಗಿಸಬೇಕು. ಹರಳಿನ ನೀಲಿ ಬಣ್ಣ ಗುಲಾಬಿಗೆ ತಿರುಗಿದರೆ ಅದು ತೇವ ಕುಡಿದಿದೆ ಎಂದರ್ಥ. ಮತ್ತೆ ಬಿಸಿ ಮಾಡಬೇಕು. ಒಣಗಿದ ಹಾಳೆಯನ್ನು ಚಿಮುಟದಲ್ಲಿ ಹಿಡಿದು, ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ತೂಗಬೇಕು. ಅಂಚಿನಲ್ಲಿ ಪೆನ್ಸಿಲಿನಿಂದ ಸಂಖ್ಯೆ ಬರೆಯಬೇಕು. ತಾರಸಿಯ ಮೇಲೆ ಗುಡಿಸಲಿನಂಥ ಮಾಡು ಇರುವ ಅಲ್ಯೂಮಿನಿಯಂ ಪೆಟ್ಟಿಗೆ. ಅದರ ಮಾಡು ಎತ್ತಿ, ನಾಲ್ಕು ತಿರುಪು ಸಡಿಲಿಸಿ, ನಿನ್ನೆಯ ಹಾಳೆ ತೆಗೆದು ಇವತ್ತಿನದನ್ನು ಹಾಸಬೇಕು. ಮೋಟಾರು ಗಾಳಿ ಎಳೆಯಲು ಶುರು ಮಾಡಿದ ಮೇಲೆ ಪಕ್ಕದ ಗಾಜಿನ ಕೊಳವೆಯಲ್ಲಿ ನೀರು ಎಷ್ಟು ಏರಿದೆ ಎಂದು ನೋಡಿ ಗಾಳಿಯ ಹರಿವು ಬರೆದುಕೊಳ್ಳಬೇಕು. ವಾರಕ್ಕೊಮ್ಮೆ ಒಂದು ಹಾಳೆಯನ್ನು ಯಂತ್ರ ಓಡಿಸದೆ ಸುಮ್ಮನೆ ಹಾಸಿ ತೆಗೆದು ತರಬೇಕು. ಅದು ಬ್ಲ್ಯಾಂಕ್. ನಮ್ಮ ಕೈಯ ಕೊಳೆ ಎಷ್ಟು, ಗಾಳಿಯದು ಎಷ್ಟು ಎಂದು ತಿಳಿಯುವುದು ಅದರಿಂದಲೇ.

ವಿದ್ಯುತ್ತು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ವೋಲ್ಟೇಜು ಏರಿಳಿದು ಜೂನ್ ಕೊನೆಯಲ್ಲಿ ಮೋಟಾರು ಸುಟ್ಟಿತು. ಚಳ್ಳಕೆರೆಯ ರಿವೈಂಡಿಂಗ್ ಅಂಗಡಿಯವರು ಅದನ್ನು ಬಿಚ್ಚಿ ನೋಡಿ, "ಇದು ಗಾಳಿ ಎಳಿಯೋದಾ ಬಿಡೋದಾ ಮೇಡಂ?" ಎಂದು ಕೇಳಿದರು. "ಎಳೆಯೋದು" ಅಂದೆ. "ಎಳ್ಕಂಡು ಏನ್ ಮಾಡ್ತೀರಿ?" ಎಂದರು. ಹೇಳಿದೆ. ಅವರು ತಲೆಯಾಡಿಸಿ ತಂತಿ ಸುತ್ತಲು ಕೂತರು. ಆ ವಾರ ನಾನು ಮನುಷ್ಯರ ಜೊತೆ ಆಡಿದ ಅತಿ ಉದ್ದದ ಮಾತುಕತೆ ಅದು.

ಇನ್ನೊಂದು ಮಾತುಕತೆ ಭಾನುವಾರದ್ದು. ಬೆಳಗ್ಗೆ ಹತ್ತಕ್ಕೆ ಎಸ್‌ಟಿಡಿ ಬೂತಿಗೆ ಹೋಗಿ ಕಡಲ ದಂಡೆಯ ಕೇಂದ್ರಕ್ಕೆ ಫೋನು ಮಾಡುತ್ತಿದ್ದೆ. ಅಲ್ಲಿ ನನ್ನದೇ ಕೆಲಸ ಮಾಡುವ ಸಹೋದ್ಯೋಗಿ ಇದ್ದರು. ನನಗಿಂತ ಎರಡು ವರ್ಷ ಹಿರಿಯರು, ಈ ಕೆಲಸದ ಮೇಲೇ ಪಿಎಚ್‌ಡಿ ಮಾಡುತ್ತಿದ್ದವರು. ಗಾಳಿಯ ದಿಕ್ಕು, ವೇಗ, ಹಾಳೆಯ ಸಂಖ್ಯೆ ಒಬ್ಬರಿಗೊಬ್ಬರು ಓದಿ ಹೇಳಿಕೊಳ್ಳಬೇಕಿತ್ತು. ಅದು ಐದು ನಿಮಿಷದ ಕೆಲಸ. ಆಮೇಲೆ ಅವರು ಕೇಳುತ್ತಿದ್ದರು, "ಊಟ ಹೇಗುಂಟು ಅಲ್ಲಿ? ಮಳೆ ಬಂತಾ?" ನಾನು ಮುದ್ದೆಯ ವಿಷಯ ಹೇಳುತ್ತಿದ್ದೆ. ಅವರು ಮೂರು ದಿನದಿಂದ ಬಟ್ಟೆ ಒಣಗಿಲ್ಲ ಅನ್ನುತ್ತಿದ್ದರು. ಸೋಮವಾರದಿಂದ ಶನಿವಾರದವರೆಗೆ ಆ ಹತ್ತು ನಿಮಿಷದಲ್ಲಿ ಏನೇನು ಹೇಳಬೇಕು ಎಂದು ಜೋಡಿಸಿಕೊಳ್ಳುತ್ತಿದ್ದೆ.

ಜುಲೈ ನಡುವಿನಲ್ಲಿ ಪ್ರಯೋಗಾಲಯದಿಂದ ಮೊದಲ ಫಲಿತಾಂಶ ಬಂತು. ನಮ್ಮ ಮುಖ್ಯಸ್ಥರು ತಾವೇ ಪತ್ರ ಬರೆದಿದ್ದರು. ಬಿ.ಜಿ. ಕೆರೆಯ ಹಾಳೆಗಳಲ್ಲಿ ಸೋಡಿಯಂ, ಕ್ಲೋರೈಡ್ ಎರಡೂ ಚೆನ್ನಾಗಿ ಸಿಕ್ಕಿವೆ, ಘಟ್ಟದ ಈಚೆಯ ಕೇಂದ್ರಕ್ಕಿಂತ ಹೆಚ್ಚೇ ಇವೆ. ಕಡಲಿನ ಉಪ್ಪು ಘಟ್ಟದ ಮಳೆಯ ಮೇಲಿಂದ ಹಾರಿ ಬಯಲಲ್ಲಿ ಇಳಿಯುತ್ತಿರಬೇಕು, ಇದು ಹೊಸ ವಿಷಯ, ಮುಂದಿನ ಸಮ್ಮೇಳನಕ್ಕೆ ಕಳಿಸೋಣ ಎಂದಿದ್ದರು. ಪತ್ರದ ಕೊನೆಯಲ್ಲಿ ನನ್ನ ಕೆಲಸವನ್ನು ಮೆಚ್ಚಿ ಒಂದು ಸಾಲಿತ್ತು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಆ ಭಾನುವಾರ ಸಹೋದ್ಯೋಗಿಯ ದನಿಯೇ ಬೇರೆ ಇತ್ತು. "ಇದು ನನ್ನ ಥೀಸಿಸ್ಸಿನ ಮುಖ್ಯ ಅಧ್ಯಾಯ ಆಗ್ತದೆ ನೋಡಿ. ನಿಮಗೆ ಸಿಹಿ ತಿನ್ನಿಸಬೇಕು ಮಾರಾಯ್ರೆ, ನೀವು ಅಷ್ಟು ದೂರದಲ್ಲಿ ಇದ್ದೀರಿ" ಎಂದರು. ನಾನೂ ನಕ್ಕೆ.

ಅದಾಗಿ ಹತ್ತು ದಿನ ಕಳೆದಿರಬೇಕು. ಗೋದಾಮಿನ ಕಾವಲಿಗೆ ಒಬ್ಬ ಅಜ್ಜ ಇದ್ದರು. ನಾನು ಏಣಿ ಹತ್ತುವಾಗ ಬಂದು ಏಣಿ ಹಿಡಿದುಕೊಳ್ಳುವುದು ಬಿಟ್ಟರೆ ಹೆಚ್ಚು ಮಾತಿಲ್ಲ. ಅವತ್ತು ನಾನು ಇಳಿದು ಬರುವಾಗ ಅವರು ತೊಟ್ಟಿಯ ಪಕ್ಕ ಪಂಚೆ ಒಗೆಯುತ್ತಿದ್ದರು. ಸೋಪಿರಲಿಲ್ಲ. ಒಂದು ಬೋಗುಣಿಯಲ್ಲಿ ಬೂದಿ ಬಣ್ಣದ ಮಣ್ಣು ಇಟ್ಟುಕೊಂಡು, ಅದನ್ನು ಬಟ್ಟೆಗೆ ಬಳಿದು ಉಜ್ಜುತ್ತಿದ್ದರು.

"ಅದೇನಜ್ಜ ಆ ಮಣ್ಣು?"

"ಚೌಳು ಕಣಮ್ಮ. ಸೋಪು ಬರಾಕ್ ಮುಂಚೆ ಎಲ್ರೂ ಇದ್ರಾಗೇ ಒಗೀತಿದ್ರು. ನಂಗೆ ಈಗ್ಲೂ ಇದ್ರಾಗೇ ಬಟ್ಟೆ ಬೆಳ್ಳಗಾಗೋದು."

"ಎಲ್ಲಿಂದ ತರ್ತೀರಿ?"

ಅವರು ಗದ್ದ ಎತ್ತಿ ಪಡುವಣ ದಿಕ್ಕು ತೋರಿಸಿದರು. "ಅಲ್ಲಿ ಹಳ್ಳದ ಪಕ್ಕ ತಗ್ಗು ಐತಲ್ಲ, ಅಲ್ಲಿಂದ ಆಚೆ ಪೂರಾ ಚೌಳೇ. ಒಂದು ಮಳೆ ಬಿದ್ದು ಒಣಗಿದ್ರೆ ಮೇಲೆಲ್ಲ ಬೆಳ್ಳಗೆ ಪೊರೆ ಏಳ್ತೈತೆ. ನಮ್ ತಾತನ ಕಾಲ್ದಾಗೆ ಅದನ್ನ ಕೆರೆದು, ನೀರಾಗೆ ನೆನೆಸಿ, ಬಸಿದು, ಬಿಸ್ಲಿಗೆ ಇಟ್ಟು ಉಪ್ಪು ಮಾಡ್ತಿದ್ರಂತೆ."

"ಉಪ್ಪು? ತಿನ್ನೋ ಉಪ್ಪು?"

"ಮತ್ತೆ? ಸಮುದ್ರದ ಉಪ್ಪು ಈ ಕಡೆ ಬಂದಿದ್ದು ಆಮ್ಯಾಕೆ. ಸುಳ್ಳಲ್ಲ, ನಾಲಿಗೆ ಮೇಲೆ ಇಟ್ಕಂಡು ನೋಡಮ್ಮ."

ಬೋಗುಣಿಯಿಂದ ಚೂರು ಮಣ್ಣು ತೆಗೆದು ನಾಲಿಗೆಗಿಟ್ಟೆ. ಮೊದಲು ಕಹಿ, ಹಿಂದೆಯೇ ಉಪ್ಪು. ಅಜ್ಜ ಮತ್ತೆ ಪಂಚೆ ಉಜ್ಜಲು ಬಗ್ಗಿದರು. ನಾನು ನೀರು ಕುಡಿಯಲೂ ಮರೆತು ಅಲ್ಲೇ ನಿಂತಿದ್ದೆ.

ಮಧ್ಯಾಹ್ನ ಆ ತಗ್ಗಿಗೆ ನಡೆದು ಹೋದೆ. ಗಾಳಿಗೆ ಎದುರಾಗಿ ನಡೆಯಬೇಕಿತ್ತು, ಏಕೆಂದರೆ ತಗ್ಗು ಸರಿಯಾಗಿ ನನ್ನ ಯಂತ್ರದ ಪಡುವಣಕ್ಕೇ ಇತ್ತು. ಜಾಲಿ ಗಿಡಗಳ ನಡುವೆ ನೆಲ ಸುಣ್ಣ ಚಿಮುಕಿಸಿದಂತೆ ಬೆಳ್ಳಗಿತ್ತು. ಗಾಳಿ ಬೀಸಿದಾಗ ಆ ಬಿಳಿ ಪುಡಿ ನೆಲದಿಂದ ಒಂದು ಗೇಣು ಎತ್ತರಕ್ಕೆ ಎದ್ದು, ಎಳೆ ಎಳೆಯಾಗಿ ಗೋದಾಮಿನ ಕಡೆಗೆ ಓಡುತ್ತಿತ್ತು. ನಾನು ನೋಟ್‌ಬುಕ್ಕು ತೆಗೆದು ಪ್ರಯೋಗಾಲಯದ ಅಂಕಿಗಳ ಜೊತೆ ಹಳೆಯ ದಿನಗಳನ್ನು ನೋಡಿದೆ. ಸೋಡಿಯಂ ಹೆಚ್ಚಿದ್ದ ದಿನಗಳೆಲ್ಲ ಒಣ ದಿನಗಳು. ಚೂರು ಮಳೆ ಹನಿದ ದಿನ ಅದು ಇಳಿದಿತ್ತು. ಕಡಲಿನಿಂದ ಬರುವ ಉಪ್ಪಿಗೆ ಬಿ.ಜಿ. ಕೆರೆಯಲ್ಲಿ ನೆಲ ನೆನೆದಿದೆಯೋ ಇಲ್ಲವೋ ಎಂಬುದರ ಗೊಡವೆ ಯಾಕಿರಬೇಕು?

ಭಾನುವಾರದವರೆಗೆ ಕಾಯಲಿಲ್ಲ. ಮರುದಿನವೇ ಸಹೋದ್ಯೋಗಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿದರು.

"ಒಬ್ಬ ಅಜ್ಜ ಹೇಳಿದ್ದಕ್ಕೆ ಒಂದು ಇಡೀ ಮಳೆಗಾಲದ ಕೆಲಸ ಬಿಡ್ಲಿಕ್ಕೆ ಆಗ್ತದಾ?" ಎಂದರು.

"ಅಜ್ಜ ಹೇಳಿದ್ದಕ್ಕಲ್ಲ. ನಾನು ನೋಡಿದೆ."

"ನೋಡಿದ್ದು ಧೂಳು. ಧೂಳು ಎಲ್ಲ ಕಡೆ ಉಂಟು. ನೀವು ಒಂದು ಕೆಲಸ ಮಾಡಿ, ಒಂದು ತಿಂಗಳು ಸುಮ್ಮನಿರಿ. ಸಮ್ಮೇಳನಕ್ಕೆ ಹೋಗ್ಲಿ. ಆಮೇಲೆ ನಿಧಾನಕ್ಕೆ ನೋಡುವ. ನನಗೆ ಇನ್ನೊಂದು ವರ್ಷದ ಅವಕಾಶ ಇಲ್ಲ, ನಿಮಗೆ ಗೊತ್ತುಂಟಲ್ಲ."

ಗೊತ್ತಿತ್ತು. ಅವರ ಮನೆಯ ಪರಿಸ್ಥಿತಿ ನನಗೆ ಹೇಳಿದ್ದರು. ಇನ್ನೊಂದೂ ಗೊತ್ತಿತ್ತು: ಆ ಯೋಜನೆಯಲ್ಲಿ ಯಾರೂ ಬಿ.ಜಿ. ಕೆರೆಗೆ ಬಂದು ನೋಡುವವರಲ್ಲ. ನಾನು ಹೇಳದಿದ್ದರೆ ಆ ತಗ್ಗು ಯಾರ ಕಣ್ಣಿಗೂ ಬೀಳುವುದಿಲ್ಲ.

ನಾಲ್ಕು ದಿನ ಸುಮ್ಮನಿದ್ದೆ. ಹಾಳೆ ಬದಲಿಸಿದೆ, ತೂಗಿದೆ, ಬರೆದೆ. ಅಜ್ಜ ಏಣಿ ಹಿಡಿದಾಗ ಅವರ ಮುಖ ನೋಡಲಾಗಲಿಲ್ಲ, ಅವರು ಏನೋ ತಪ್ಪು ಮಾಡಿದವರ ಹಾಗೆ. ಐದನೇ ದಿನ ಬೆಳಗ್ಗೆ ಹೊಸ ಹಾಳೆ ಹಾಸಿ ಮೋಟಾರು ಶುರು ಮಾಡಿದ ಮೇಲೆ, ಇವತ್ತಿನ ಈ ಹಾಳೆಯಲ್ಲಿ ಏನು ಸಿಗುತ್ತದೆ ಎಂದು ನನಗೆ ಆಗಲೇ ಗೊತ್ತಿದೆ ಅನ್ನಿಸಿತು. ಗೊತ್ತಿದ್ದೂ ಅದನ್ನು ಬೇರೆ ಹೆಸರಿನಿಂದ ಬರೆಯುತ್ತಿದ್ದೆ. ಗೋದಾಮಿನ ನೆರಳಲ್ಲಿ ಕೂತು ಮುಖ್ಯಸ್ಥರಿಗೆ ಪತ್ರ ಬರೆದೆ. ತಗ್ಗಿನ ಮೂರು ಜಾಗದಿಂದ ಮೇಲಿನ ಪುಡಿ ಕೆರೆದು, ಜರಡಿ ಹಿಡಿದು, ಮೂರು ಪೊಟ್ಟಣ ಮಾಡಿ ಜೊತೆಗಿಟ್ಟೆ. ಮೊದಲ ಸಲ ಪ್ರಯೋಗಾಲಯದಲ್ಲಿ ಸೋಡಿಯಂ, ಕ್ಲೋರೈಡ್ ಎರಡನ್ನೇ ನೋಡಿದ್ದರು. ಪ್ರತಿ ಹಾಳೆಯ ಅರ್ಧ ಭಾಗ ಕತ್ತರಿಸಿ ಎತ್ತಿಟ್ಟಿರುತ್ತಾರೆ. ಆ ಅರ್ಧದಲ್ಲಿ ಮೆಗ್ನೀಷಿಯಂ ಸಹ ನೋಡಿ ಎಂದು ಕೇಳಿಕೊಂಡೆ. ಕಡಲ ನೀರಿನಲ್ಲಿ ಸೋಡಿಯಂಗೆ ಇಷ್ಟು ಮೆಗ್ನೀಷಿಯಂ ಎಂಬ ಲೆಕ್ಕ ಎಲ್ಲೂ ಬದಲಾಗುವುದಿಲ್ಲ. ಹಾಳೆಯ ಮೇಲಿನದು ಕಡಲಿನದಾದರೆ ಆ ಲೆಕ್ಕ ಕೂಡಬೇಕು.

ಪತ್ರ ಹಾಕಿದ ಮೇಲೆ ಸಹೋದ್ಯೋಗಿಗೂ ತಿಳಿಸಿದೆ. ಅವರು, "ಆಯ್ತು" ಅಂದರು. ಮುಂದಿನ ಭಾನುವಾರ ಅಂಕಿಗಳನ್ನು ಓದಿದರು, ನನ್ನವನ್ನು ಬರೆದುಕೊಂಡರು, ಫೋನು ಇಟ್ಟುಬಿಟ್ಟರು. ಊಟದ ಮಾತಿಲ್ಲ, ಮಳೆಯ ಮಾತಿಲ್ಲ. ಅದರ ಮುಂದಿನ ವಾರದಿಂದ ಅಂಕಿಗಳು ಅಂಚೆಯಲ್ಲಿ ಬರತೊಡಗಿದವು.

ಆಗಸ್ಟ್ ಮೂರನೇ ವಾರ ಉತ್ತರ ಬಂತು. ಮೆಗ್ನೀಷಿಯಂ ಎಷ್ಟೋ ಕಡಿಮೆ, ಕಡಲಿನ ಲೆಕ್ಕಕ್ಕೆ ಹತ್ತಿರವೂ ಇಲ್ಲ. ನಾನು ಕಳಿಸಿದ ಮಣ್ಣಿಗೆ ಮಾತ್ರ ಸರಿಯಾಗಿ ಹೊಂದಿತ್ತು. ಸಮ್ಮೇಳನಕ್ಕೆ ಕಳಿಸಿದ್ದ ಬರಹವನ್ನು ವಾಪಸ್ ತೆಗೆದುಕೊಂಡಿದ್ದೇನೆ ಎಂದು ಮುಖ್ಯಸ್ಥರು ಬರೆದಿದ್ದರು. ಬಯಲಿನ ಕೇಂದ್ರದಿಂದ ಇನ್ನು ಉಪಯೋಗವಿಲ್ಲ ಅನ್ನಿಸುತ್ತದೆ, ಮುಚ್ಚಬಹುದು, ನಿಮ್ಮ ಅಭಿಪ್ರಾಯ ತಿಳಿಸಿ. ಸಿಟ್ಟಿನ ಪತ್ರವಲ್ಲ. ದಣಿದ ಪತ್ರ.

ಮುಚ್ಚಿ ಹೋಗಬಹುದಿತ್ತು. ಅಲ್ಲಿ ನನ್ನನ್ನು ಹಿಡಿದಿಡುವಂಥದ್ದು ಏನೂ ಉಳಿದಿರಲಿಲ್ಲ. ಆದರೆ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ನೆಲದ ಉಪ್ಪಿನ ಅಡಿಯಲ್ಲಿ ಕಡಲಿನದು ಒಂದು ಚೂರೂ ಇಲ್ಲವೇ, ಇಲ್ಲಾ ಇದ್ದೂ ಕಾಣುತ್ತಿಲ್ಲವೇ? ಚೌಳಿನ ಪುಡಿ ಭಾರ, ಹೆಚ್ಚು ಮೇಲೆ ಏಳುವುದಿಲ್ಲ. ಎತ್ತರಕ್ಕೆ ಹೋದರೆ ಎರಡನ್ನೂ ಬೇರೆ ಮಾಡಬಹುದು. ಮೊಳಕಾಲ್ಮುರಿನ ಸುತ್ತ ಬಂಡೆಗುಡ್ಡಗಳಿವೆ. ಪಡುವಣಕ್ಕೆ ಚೌಳು ನೆಲವಿಲ್ಲದ ಒಂದು ಗುಡ್ಡವನ್ನು ಎರಡು ದಿನ ಅಲೆದು ಹುಡುಕಿದೆ. ಮೇಲೆ ಕರೆಂಟಿಲ್ಲ. ಜನರೇಟರ್ ಇಟ್ಟರೆ ಅದರ ಹೊಗೆಯೇ ಹಾಳೆಗೆ ಬರುತ್ತದೆ. ಹಾಗಾಗಿ ಅಂಗೈಯಷ್ಟು ಫಿಲ್ಟರ್ ಹಿಡಿಯುವ ಚಿಕ್ಕ ಪಂಪು, ಅದಕ್ಕೆ ಲಾರಿಯ ಬ್ಯಾಟರಿ. ಸೆಪ್ಟೆಂಬರ್ ಕೊನೆಯವರೆಗೆ ಅವಕಾಶ ಕೊಡಿ ಎಂದು ಬರೆದೆ. ಪಂಪು ಕಳಿಸಿದರು. ಜನ ಯಾರನ್ನೂ ಕಳಿಸಲಾಗುವುದಿಲ್ಲ ಎಂದರು.

ಬ್ಯಾಟರಿಯನ್ನು ಗುಡ್ಡಕ್ಕೆ ಹೊರಲು ಅಲ್ಲೇ ಕಲ್ಲು ಒಡೆಯುವ ಕೆಲಸದ ಒಬ್ಬ ಅಕ್ಕ ಒಪ್ಪಿದರು. ಮನೆಮಾತು ತೆಲುಗು, ಕನ್ನಡವೂ ಬರುತ್ತಿತ್ತು. ಸಿಂಬೆ ಸುತ್ತಿ ತಲೆಯ ಮೇಲೆ ಬ್ಯಾಟರಿ ಇಟ್ಟುಕೊಂಡು, ನಾನು ಕೈಯೂರಿ ಏರುವ ಬಂಡೆಯನ್ನು ಅವರು ನೆಟ್ಟಗೆ ನಡೆದುಕೊಂಡು ಹೋಗುತ್ತಿದ್ದರು. ಮೇಲೆ ಹೋದ ಮೇಲೆ ಒಂದು ಸಲ ಕೇಳಿದರು.

"ಗಾಳಿ ಹಿಡ್ಕಂಡು ಏನ್ ಮಾಡ್ತೀಯಮ್ಮಾ ನೀನು?"

"ಅದರಲ್ಲಿ ಸಮುದ್ರದ ಉಪ್ಪು ಇದೆಯಾ ಅಂತ ನೋಡ್ತೀನಕ್ಕಾ."

"ಸಮುದ್ರಂ ಚೂಶಾವಾ? ನೋಡಿದೀಯಾ?"

"ನೋಡಿದೀನಿ."

"ನಾನ್ ನೋಡಿಲ್ಲ." ಸಿಂಬೆ ಬಿಚ್ಚಿ ಮುಖ ಒರೆಸಿಕೊಂಡರು. "ಒಬ್ಬಳೇ ಇರ್ತೀಯಾ ದಿನವೆಲ್ಲಾ? ಬೇಜಾರಾಗಲ್ವಾ?"

"ಆಗುತ್ತೆ" ಅಂದೆ. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ. ಅವರು ಇಳಿದು ಹೋದರು. ಕೆಳಗೆ ಕಲ್ಲಿನ ಮೇಲೆ ಸುತ್ತಿಗೆ ಬೀಳುವ ಸದ್ದು ಮತ್ತೆ ಶುರುವಾಯಿತು. ಸಂಜೆಯವರೆಗೆ ಅದೊಂದೇ ಸದ್ದು.

ಮೊದಲ ಎರಡು ವಾರ ಏನೂ ಸರಿಹೋಗಲಿಲ್ಲ. ಕೋತಿಗಳು ರಬ್ಬರ್ ಕೊಳವೆ ಕಿತ್ತವು. ನಾನು ಇಲ್ಲದಾಗ ಬ್ಯಾಟರಿ ಇಳಿದು ಪಂಪು ಎಷ್ಟು ಹೊತ್ತಿಗೆ ನಿಂತಿತೆಂದು ತಿಳಿಯದೆ ಮೂರು ಫಿಲ್ಟರ್ ಬಿಸಾಡಬೇಕಾಯಿತು. ಆಮೇಲೆ ಬೆಳಗ್ಗೆಯಿಂದ ಸಂಜೆವರೆಗೆ ನಾನೇ ಅಲ್ಲಿ ಕೂತೆ. ಗಾಳಿ ಪಡುವಣ ದಿಕ್ಕು ಬಿಟ್ಟು ಸರಿದರೆ ಪಂಪು ನಿಲ್ಲಿಸುವುದು, ಮತ್ತೆ ಆ ದಿಕ್ಕಿಗೆ ಬಂದರೆ ಶುರು ಮಾಡುವುದು, ಎರಡನ್ನೂ ಬರೆಯುವುದು. ನಾನು ಯಾವಾಗಲೂ ಪಂಪಿನ ಮೂಡಣಕ್ಕೆ ಕೂರಬೇಕು, ನನ್ನ ಬಟ್ಟೆಯ ಧೂಳು ಅದಕ್ಕೆ ಹೋಗಬಾರದು. ಬುತ್ತಿಯನ್ನೂ ಅಲ್ಲೇ ತಿನ್ನುತ್ತಿದ್ದೆ. ಕೆಲವು ದಿನ ಬಾಯಿ ತೆರೆದು ಆಡಿದ ಮಾತು ಬಸ್ಸಿನ ಕಂಡಕ್ಟರಿಗೆ ಊರ ಹೆಸರು ಹೇಳಿದ್ದು ಮಾತ್ರ. ಭಾನುವಾರ ಹತ್ತು ಗಂಟೆಗೆ ಕೈ ತಾನಾಗಿ ಗಡಿಯಾರ ನೋಡುತ್ತಿತ್ತು. ಅವರು ಹೇಳಿದಂತೆ ಒಂದು ತಿಂಗಳು ಸುಮ್ಮನಿದ್ದಿದ್ದರೆ ಎಂದು ಯೋಚಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ಯೋಚಿಸಿದೆ, ಎಷ್ಟೋ ಸಲ.

ಗುಡ್ಡದ ಫಿಲ್ಟರುಗಳ ಫಲಿತಾಂಶ ಬರುವಾಗ ಅಕ್ಟೋಬರ್ ಬಂದಿತ್ತು. ಬಹಳ ಚಿಕ್ಕ ಅಂಕಿಗಳು. ಬ್ಲ್ಯಾಂಕ್ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಆದರೆ ಉಳಿದದ್ದರಲ್ಲಿ, ಜೋರಾದ ಪಡುವಣ ಗಾಳಿಯ ಒಂಬತ್ತು ದಿನಗಳಲ್ಲಿ, ಮೆಗ್ನೀಷಿಯಂ ಮತ್ತು ಸೋಡಿಯಂ ಕಡಲ ನೀರಿನ ಲೆಕ್ಕಕ್ಕೇ ಕೂಡಿದ್ದವು. ಘಟ್ಟದ ಮಳೆ ಹೆಚ್ಚಿನದನ್ನು ತೊಳೆದು ಇಳಿಸುತ್ತದೆ. ತೊಳೆಯದೆ ಉಳಿದ ಚೂರು ಮೊಳಕಾಲ್ಮುರಿನ ಬಂಡೆಯ ಮೇಲಿಂದ ಹಾದು ಹೋಗುತ್ತದೆ. ನಾವು ಹೇಳಿಕೊಂಡು ತಿರುಗಬಹುದಾಗಿದ್ದ ದೊಡ್ಡ ವಿಷಯ ಅದಲ್ಲ. ಆದರೆ ನಿಜ. ಕೇಂದ್ರವನ್ನು ಮುಚ್ಚಬೇಡಿ, ಚಳಿಗಾಲದಲ್ಲಿ ಗಾಳಿ ಮೂಡಣಕ್ಕೆ ತಿರುಗಿದಾಗ ನೆಲದ ಧೂಳು ಕಡಲಿಗೆ ಹೋಗುವುದನ್ನು ಅಳೆಯುವ ಕೆಲಸಕ್ಕೂ ನೀವೇ ಇರಿ, ಈ ಸಲ ಚೌಳಿನ ಗುರುತೇ ನಮಗೆ ಸಹಾಯಕ್ಕೆ ಬರಬಹುದು ಎಂದು ಮುಖ್ಯಸ್ಥರು ಬರೆದರು.

ಅವತ್ತು ಭಾನುವಾರವಲ್ಲ. ಆದರೂ ಪತ್ರ ಹಿಡಿದುಕೊಂಡು ಬೂತಿಗೆ ಹೋದೆ. ಮೊದಲು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಅಂಕಿ ಚಿಕ್ಕದು, ಆದರೂ ನಿಮ್ಮ ಅಧ್ಯಾಯಕ್ಕೆ ಸಾಕಾಗಬಹುದು ಎನ್ನಬೇಕೆಂದಿದ್ದೆ. ಫೋನು ಎತ್ತಿದ್ದು ಒಬ್ಬ ಹುಡುಗಿ.

ಸಹೋದ್ಯೋಗಿಯ ಹೆಸರು ಹೇಳಿ, ಇದ್ದಾರಾ ಎಂದು ಕೇಳಿದೆ.

"ಅವರು ಬಿಟ್ಟರಲ್ಲ. ಕಾಲೇಜಿನಲ್ಲಿ ಕೆಲಸ ಸಿಕ್ಕಿತಂತೆ. ಎರಡು ವಾರ ಆಯ್ತು. ನಿಮಗೆ ಹೇಳ್ಲಿಲ್ವಾ?"

"ಇಲ್ಲ."

"ನೀವು ಬಯಲಿನ ಕೇಂದ್ರದವರಾ? ನಾನೇ ನಿಮಗೆ ಫೋನು ಮಾಡಬೇಕು ಅಂತ ಇದ್ದೆ, ನಂಬರೇ ಇಲ್ಲ ಇಲ್ಲಿ." ಆ ದನಿಯಲ್ಲಿ ಹಿಂಜರಿಕೆ ಇತ್ತು. "ನಾನು ಸೇರಿ ಎಂಟು ದಿನ. ಈ ಬ್ಲ್ಯಾಂಕ್ ಹಾಳೆ ಅಂತ ಉಂಟಲ್ಲ, ಅದನ್ನು ಯಾವ ದಿನ ಹಾಕೋದು, ಎಷ್ಟು ಹೊತ್ತು ಇಡೋದು ಅಂತ ಯಾರೂ ಹೇಳಿಕೊಡ್ಲಿಲ್ಲ. ಪುಸ್ತಕದಲ್ಲಿ ಬರೆದದ್ದು ಅರ್ಥ ಆಗುದಿಲ್ಲ. ಇಲ್ಲಿ ನಾನೊಬ್ಬಳೇ."

ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. "ಪೆನ್ನು ತಗೊಳ್ಳಿ, ಹೇಳ್ತೀನಿ" ಅಂದೆ. ಮೊದಲು ಚಿಮುಟದ ವಿಷಯ ಹೇಳಿದೆ, ಆಮೇಲೆ ನೀಲಿ ಹರಳಿನದು. ಕಡಲ ದಂಡೆಯಲ್ಲಿ ಆ ಹರಳು ಬೇಗ ಗುಲಾಬಿಯಾಗುತ್ತದೆ, ದಿನಾ ನೋಡಬೇಕು ಎಂದೆ. ಕೊನೆಗೆ ಬ್ಲ್ಯಾಂಕ್ ಹಾಳೆಯದು. ಅವಳು ಪ್ರತಿಯೊಂದಕ್ಕೂ "ಹಾಂ, ಬರೆದೆ" ಅನ್ನುತ್ತಿದ್ದಳು. ಬೂತಿನವರು ಎರಡು ಸಲ ಇಣುಕಿ ನೋಡಿ ಹೋದರು.

ಎಲ್ಲ ಮುಗಿದ ಮೇಲೆ ಅವಳು ಕೇಳಿದಳು, "ಅಲ್ಲಿ ಗಾಳಿ ಹೇಗುಂಟು?"

ಕೇಳಬೇಕಾದ ಪ್ರಶ್ನೆಯೇ ಅದು, ನೋಟ್‌ಬುಕ್ಕಿನ ಮೊದಲ ಕಾಲಮ್ಮು. ಬೆಳಗ್ಗೆಯಷ್ಟೇ ಬರೆದಿದ್ದೆ.

"ನಿನ್ನೆಯಿಂದ ತಿರುಗಿದೆ" ಅಂದೆ. "ಈಗ ನಿಮ್ಮ ಕಡೆಗೇ ಬರ್ತಾ ಇದೆ."